ಮೊಬೈಲಿನ ಮ್ಯಾಕ್ರೊ ಕ್ಲಿಪ್ ಲೆನ್ಸ್: ಡಬ್ಬಿಯ ಮೇಲಿನ ಅಂಕಿ ಬಿಡಿ, ದೂರ ಅಳೆಯಿರಿ

ಮುನ್ನೂರು, ಐನೂರು ರೂಪಾಯಿಯ ಆಸುಪಾಸಿನಲ್ಲಿ ಸಿಗುವ ‘ತ್ರೀ ಇನ್ ಒನ್’ ಕ್ಲಿಪ್ ಲೆನ್ಸ್ ಸೆಟ್ಟಿನ ಡಬ್ಬಿಯ ಮೇಲೆ ಫಿಶ್ ಐ, ವೈಡ್, ಮ್ಯಾಕ್ರೊ ಎಂದು ಮೂರು ಹೆಸರುಗಳಿರುತ್ತವೆ. ಬಿಚ್ಚಿ ನೋಡಿದರೆ ಒಳಗೆ ಎರಡೇ ಲೆನ್ಸು. ಮೂರನೆಯದು ಕಳೆದುಹೋಗಿಲ್ಲ, ವೈಡ್ ಲೆನ್ಸಿನ ಅಡಿಯಲ್ಲೇ ಇದೆ. ವೈಡ್ ಲೆನ್ಸನ್ನು ಹಿಡಿದು ಎಡಕ್ಕೆ ತಿರುಗಿಸಿದರೆ ಮೇಲಿನ ದಪ್ಪ ಭಾಗ ಕಳಚಿ ಬರುತ್ತದೆ, ಕ್ಲಿಪ್ಪಿನಲ್ಲಿ ಉಳಿಯುವ ಚಿಕ್ಕ ಉಂಗುರವೇ ಮ್ಯಾಕ್ರೊ, ಅಂದರೆ ಚಿಕ್ಕದನ್ನು ತೀರ ಹತ್ತಿರದಿಂದ ತೆಗೆಯುವ ಲೆನ್ಸ್. ಇದನ್ನು ಕಳಚದೆ ಇರುವೆಯ ಹತ್ತಿರ ಹಿಡಿದರೆ ಎಷ್ಟು ಹೊತ್ತು ಹೆಣಗಿದರೂ ಫೋಕಸ್ ಆಗುವುದಿಲ್ಲ. ಈ ಸೆಟ್ಟಿನಲ್ಲಿ ಕೀಟದ ಫೋಟೊಗೆ ಬೇಕಾದದ್ದು ಆ ಚಿಕ್ಕ ಉಂಗುರ ಒಂದೇ. ಫಿಶ್ ಐಯನ್ನು ಮನೆಯ ಮಕ್ಕಳಿಗೆ ಕೊಡಬಹುದು.

ಆ ಉಂಗುರ ಒಂದು ಪುಟ್ಟ ಪೀನ ಮಸೂರ, ಭೂತಗನ್ನಡಿಯ ಚಿಕ್ಕ ರೂಪ. ಮೊಬೈಲಿನ ಮುಖ್ಯ ಕ್ಯಾಮೆರಾ ಸಾಮಾನ್ಯವಾಗಿ ಹತ್ತು ಸೆಂಟಿಮೀಟರಿಗಿಂತ ಹತ್ತಿರದ್ದನ್ನು ಚೂಪಾಗಿ ನೋಡಲಾರದು, ಮಸೂರ ಆ ಮಿತಿಯನ್ನು ಮುರಿಯುತ್ತದೆ. ಎಷ್ಟು ಮುರಿಯುತ್ತದೆ ಎಂಬುದೇ ಕೊಳ್ಳುವವರು ಕೇಳಬೇಕಾದ ಪ್ರಶ್ನೆ. ಡಬ್ಬಿಯ ಮೇಲೆ 10ಎಕ್ಸ್, 15ಎಕ್ಸ್, 20ಎಕ್ಸ್ ಎಂದು ಬರೆದಿರುತ್ತಾರೆ. ಅಂಕಿ ದೊಡ್ಡದಾದಷ್ಟೂ ಒಳ್ಳೆಯದು ಎಂದುಕೊಂಡು ಕೊಂಡರೆ ಹಣ ಹೋಯಿತು. ಆ ಅಂಕಿ ನಿಜವಾಗಿ ಹೇಳುವುದು ನೀವು ಕೀಟಕ್ಕೆ ಎಷ್ಟು ಹತ್ತಿರ ಹೋಗಲೇಬೇಕು ಎಂಬುದನ್ನು.

ಲೆಕ್ಕ ಸುಲಭ. 250ನ್ನು ಆ ಅಂಕಿಯಿಂದ ಭಾಗಿಸಿದರೆ ಲೆನ್ಸಿನ ಸಂಗಮ ದೂರ, ಅಂದರೆ ದೂರದಿಂದ ಬಂದ ಬೆಳಕನ್ನು ಅದು ಒಂದು ಬಿಂದುವಿಗೆ ಕೂಡಿಸುವ ಅಂತರ, ಮಿಲಿಮೀಟರಿನಲ್ಲಿ ಸಿಗುತ್ತದೆ. 10ಎಕ್ಸ್ ಎಂದರೆ 25 ಮಿಲಿಮೀಟರ್, 15ಎಕ್ಸ್ ಎಂದರೆ ಹೆಚ್ಚುಕಡಿಮೆ 17. ಕೀಟ ನಿಲ್ಲಬೇಕಾದ್ದು ಆ ದೂರದಲ್ಲಿ, ಇಲ್ಲವೇ ಇನ್ನೂ ಕೊಂಚ ಹತ್ತಿರದಲ್ಲಿ. 25 ಮಿಲಿಮೀಟರಿನ ಲೆನ್ಸ್ ಹಾಕಿದ ಫೋನು ಸುಮಾರು 20ರಿಂದ 25 ಮಿಲಿಮೀಟರಿನ ನಡುವೆ ಮಾತ್ರ ಫೋಕಸ್ ಮಾಡುತ್ತದೆ. ಆಚೆಗೂ ಇಲ್ಲ, ಈಚೆಗೂ ಇಲ್ಲ, ಇರುವ ಜಾಗ ಅರ್ಧ ಸೆಂಟಿಮೀಟರ್. ಬೆರಳಿನ ಒಂದು ಗೆಣ್ಣಿನಷ್ಟು ಹತ್ತಿರಕ್ಕೆ ಅಂಗೈಯಗಲದ ಕರಿ ಹಲಗೆಯೊಂದು ಬಂದರೆ ಯಾವ ಚಿಟ್ಟೆ ಕೂತಿರುತ್ತದೆ?

ಡಬ್ಬಿಯನ್ನು ನಂಬದೆ ನೀವೇ ಅಳೆಯಬಹುದು. ಕಿಟಕಿಯ ಎದುರಿನ ಗೋಡೆಗೆ ಬಿಳಿ ಹಾಳೆ ಹಿಡಿದು, ಲೆನ್ಸಿನಿಂದ ಹೊರಗಿನ ಮರದ ಬಿಂಬವನ್ನು ಅದರ ಮೇಲೆ ಬೀಳಿಸಿ. ತಲೆಕೆಳಗಾದ ಮರ ಚೂಪಾಗಿ ಕಂಡಾಗ ಲೆನ್ಸಿಗೂ ಹಾಳೆಗೂ ಇರುವ ಅಂತರವನ್ನು ಸ್ಕೇಲಿನಲ್ಲಿ ಅಳೆಯಿರಿ. ಅದೇ ಸಂಗಮ ದೂರ. ಡಬ್ಬಿಯ ಅಂಕಿಗೂ ಇದಕ್ಕೂ ತಾಳೆಯಾಗದಿದ್ದರೆ ಅಳತೆಯನ್ನೇ ನಂಬಿ.

ಚೌಕಟ್ಟಿನಲ್ಲಿ ಎಷ್ಟು ಅಗಲ ಹಿಡಿಯುತ್ತದೆ ಎಂಬುದೂ ಇದರಿಂದಲೇ ತಿಳಿಯುತ್ತದೆ. ಫೋನಿನ ಮುಖ್ಯ ಕ್ಯಾಮೆರಾಕ್ಕೆ ಹಾಕಿದಾಗ ಚಿತ್ರದ ಉದ್ದ ಬದಿ ಸಂಗಮ ದೂರದ ಸುಮಾರು 1.3 ಪಟ್ಟು. ಅಂದರೆ 25 ಮಿಲಿಮೀಟರಿನ ಲೆನ್ಸಿಗೆ ಸುಮಾರು 33 ಮಿಲಿಮೀಟರ್, 17ರ ಲೆನ್ಸಿಗೆ 22. ನಾಲ್ಕು ಮಿಲಿಮೀಟರಿನ ಮುಜಂಟಿ ಜೇನು 33 ಮಿಲಿಮೀಟರಿನ ಚೌಕಟ್ಟಿನಲ್ಲಿ ಎಂಟನೇ ಒಂದು ಭಾಗ ತುಂಬುತ್ತದೆ. 12 ಮೆಗಾಪಿಕ್ಸೆಲ್ ಚಿತ್ರದ ಉದ್ದ 4000 ಪಿಕ್ಸೆಲ್ ಇರುವುದರಿಂದ ಜೇನಿನ ಪಾಲಿಗೆ ಸುಮಾರು 480 ಪಿಕ್ಸೆಲ್ ಬರುತ್ತವೆ. ಕತ್ತರಿಸಿ ಫೋನಿನಲ್ಲಿ ನೋಡಲು, ಗುರುತಿಸಲು ಸಾಕು. ದೊಡ್ಡದಾಗಿ ಮುದ್ರಿಸಿ ಗೋಡೆಗೆ ಹಾಕಲು ಸಾಲದು.

ಇನ್ನು ಗಾಜಿನ ಗುಣ. ಜಾಮಿಟ್ರಿ ಬಾಕ್ಸಿನ ಸ್ಕೇಲನ್ನು ಮೇಜಿನ ಮೇಲಿಟ್ಟು, ಫೋನನ್ನು ಅದಕ್ಕೆ ಸಮಾನಾಂತರವಾಗಿ ಹಿಡಿದು ಒಂದು ಫೋಟೊ ತೆಗೆಯಿರಿ. ಅಗ್ಗದ ಸೆಟ್ಟಿನ ಮ್ಯಾಕ್ರೊದಲ್ಲಿ ನಡುವಿನ ಗೆರೆಗಳು ಚೂಪಾಗಿದ್ದು, ಅಂಚಿನವು ಮಸುಕಾಗಿ ಹೊರಕ್ಕೆ ಎಳೆದಂತೆ ಕಾಣುತ್ತವೆ. ಕರಿ ಗೆರೆಯ ಒಂದು ಬದಿಗೆ ನೇರಳೆ, ಇನ್ನೊಂದು ಬದಿಗೆ ಹಸಿರು ಬಣ್ಣ ಮೆತ್ತಿಕೊಂಡಿರುತ್ತದೆ. ಒಂದೇ ಗಾಜಿನ ಮಸೂರಕ್ಕೆ ಎಲ್ಲ ಬಣ್ಣಗಳನ್ನೂ ಒಂದೇ ಜಾಗದಲ್ಲಿ ಕೂಡಿಸಲು ಆಗದು, ಹಾಗಾಗಿ ಈ ಸೋರಿಕೆ. ಎರಡು ಬಗೆಯ ಗಾಜನ್ನು ಜೋಡಿಸಿದ ‘ಅಕ್ರೊಮ್ಯಾಟ್’ ಲೆನ್ಸುಗಳಲ್ಲಿ ಇದು ತೀರ ಕಡಿಮೆ, ಬೆಲೆಯೂ ಅದಕ್ಕೆ ತಕ್ಕಂತೆ ಹೆಚ್ಚು. ಕೀಟದ ಫೋಟೊದಲ್ಲಿ ಮೂಲೆಗಳು ಹೇಗಿದ್ದರೂ ಹಿನ್ನೆಲೆಯೇ, ಆದ್ದರಿಂದ ಮೂಲೆಯ ಮಸುಕನ್ನು ಕ್ಷಮಿಸಬಹುದು. ನಡುಭಾಗವೇ ಚೂಪಾಗಿಲ್ಲದಿದ್ದರೆ ಮಾತ್ರ ವಾಪಸ್ ಮಾಡಿ.

ಹೊಸ ಫೋನಿದ್ದರೆ ಇದೆಲ್ಲ ಬೇಕೇ? 2021ರ ಐಫೋನ್ 13 ಪ್ರೊನಲ್ಲಿ ಅತಿ ಅಗಲ ನೋಟದ ಅಲ್ಟ್ರಾವೈಡ್ ಕ್ಯಾಮೆರಾವೇ 2 ಸೆಂಟಿಮೀಟರಿನಷ್ಟು ಹತ್ತಿರಕ್ಕೆ ಫೋಕಸ್ ಮಾಡುವಂತಾಯಿತು, ಹಲವು ದುಬಾರಿ ಆಂಡ್ರಾಯ್ಡ್ ಫೋನುಗಳಲ್ಲೂ ಅದೇ ವಿಧಾನವಿದೆ. ಹೂವಿನ ನಡುವಿಗೆ, ಅಣಬೆಗೆ, ಕಂಬಳಿಹುಳುವಿಗೆ ಅದು ಚೆನ್ನಾಗಿಯೇ ಇದೆ. ಆದರೆ ಅಷ್ಟು ಹತ್ತಿರ ಹೋದರೂ ನೋಟ ಅಗಲವಾದದ್ದರಿಂದ ಹುಳು ಚಿಕ್ಕದಾಗಿಯೇ ಉಳಿಯುತ್ತದೆ, ಮೇಲೆ ಫೋನಿನ ನೆರಳು ಬೇರೆ. ಕಡಿಮೆ ಬೆಲೆಯ ಫೋನುಗಳಲ್ಲಿ ‘2 ಮೆಗಾಪಿಕ್ಸೆಲ್ ಮ್ಯಾಕ್ರೊ’ ಎಂದು ಬರುವ ಪ್ರತ್ಯೇಕ ಕ್ಯಾಮೆರಾ ಲೆಕ್ಕ ಹೆಚ್ಚಿಸಲು ಇಟ್ಟದ್ದಷ್ಟೇ. ಅದರ ಫೋಕಸ್ ಸುಮಾರು ನಾಲ್ಕು ಸೆಂಟಿಮೀಟರಿಗೆ ಕಟ್ಟಿಹಾಕಿರುತ್ತದೆ, ವಿವರ ಹಿಡಿಯುವ ಶಕ್ತಿ ಇಲ್ಲ. ಅದೇ ಫೋನಿನ ಮುಖ್ಯ ಕ್ಯಾಮೆರಾಕ್ಕೆ ಮುನ್ನೂರು ರೂಪಾಯಿಯ ಉಂಗುರ ಸಿಕ್ಕಿಸಿದರೆ ಬರುವ ಚಿತ್ರ ಎಷ್ಟೋ ಮೇಲು.

ಸಿಕ್ಕಿಸುವಾಗ ಆಗುವ ತಪ್ಪುಗಳು

ಹೆಚ್ಚಿನವರ ಫೋಟೊ ಕೆಡುವುದು ಲೆನ್ಸಿನಿಂದಲ್ಲ, ಸಿಕ್ಕಿಸಿದ ರೀತಿಯಿಂದ. ಮೂರು ನಾಲ್ಕು ಕಣ್ಣಿನ ಫೋನಿನಲ್ಲಿ ಮುಖ್ಯ ಕ್ಯಾಮೆರಾ ಯಾವುದೆಂದು ಮೊದಲು ಗೊತ್ತು ಮಾಡಿಕೊಳ್ಳಿ. ಕ್ಯಾಮೆರಾ ತೆರೆದು ಜೂಮನ್ನು 1ಎಕ್ಸ್‌ನಲ್ಲಿಟ್ಟು ಒಂದೊಂದೇ ಕಣ್ಣನ್ನು ಬೆರಳಿನಿಂದ ಮುಚ್ಚಿ, ಪರದೆ ಕಪ್ಪಾಗುವ ಕಣ್ಣೇ ಅದು. ಫೋನಿನ ಕವರ್ ತೆಗೆಯಿರಿ. ದಪ್ಪ ಕವರಿದ್ದರೆ ಲೆನ್ಸ್ ಎರಡು ಮೂರು ಮಿಲಿಮೀಟರ್ ದೂರ ನಿಂತು ಮೂಲೆಗಳು ಕಪ್ಪಾಗುತ್ತವೆ. ಕ್ಯಾಮೆರಾದ ಉಬ್ಬಿನ ಮೇಲೆ ಕ್ಲಿಪ್ ಅರ್ಧ ಕೂತು ಅರ್ಧ ಜಾರಿದರೆ ಲೆನ್ಸ್ ಓರೆಯಾಗುತ್ತದೆ. ತೆಗೆದ ಎಲ್ಲ ಚಿತ್ರಗಳಲ್ಲೂ ಒಂದೇ ಬದಿ ಮಸುಕಾಗಿದ್ದರೆ ಇದೇ ಕಾರಣ. ಎಲ್ಲೆಡೆ ಜೋಡಿ ಅಂಚು ಕಂಡರೆ ಕೈ ನಡುಗಿದೆ. ಕೀಟ ಮಸುಕಾಗಿ ಅದರ ಹಿಂದಿನ ಎಲೆಯ ನಾರು ಚೂಪಾಗಿದ್ದರೆ ನೀವು ಒಂದೆರಡು ಮಿಲಿಮೀಟರ್ ಮುಂದೆ ಹೋಗಿದ್ದೀರಿ.

ಇದಕ್ಕಿಂತ ತಲೆ ತಿನ್ನುವ ತೊಂದರೆ ಇನ್ನೊಂದಿದೆ. ಲೆನ್ಸ್ ಸರಿಯಾಗಿಯೇ ಕೂತಿರುತ್ತದೆ, ಹುಳುವಿನ ಹತ್ತಿರ ಹೋದ ಕೂಡಲೇ ಚಿತ್ರ ಫಕ್ಕನೆ ಬದಲಾಗಿ ಕ್ಲಿಪ್ಪಿನ ಅಂಚೇ ಕಾಣತೊಡಗುತ್ತದೆ. ಎದುರಿಗೆ ಹತ್ತಿರದ ವಸ್ತು ಇದೆಯೆಂದು ಫೋನು ತಾನೇ ಅಲ್ಟ್ರಾವೈಡ್ ಕ್ಯಾಮೆರಾಕ್ಕೆ ಹಾರಿರುತ್ತದೆ. ಐಫೋನಿನಲ್ಲಿ ಕ್ಯಾಮೆರಾ ಸೆಟ್ಟಿಂಗಿಗೆ ಹೋಗಿ ‘ಮ್ಯಾಕ್ರೊ ಕಂಟ್ರೋಲ್’ ಚಾಲೂ ಮಾಡಿ, ಪರದೆಯಲ್ಲಿ ಹೂವಿನ ಗುರುತು ಬಂದಾಗ ಅದನ್ನು ಒತ್ತಿ ಬಂದ್ ಮಾಡಬೇಕು. ಆಂಡ್ರಾಯ್ಡಿನಲ್ಲಿ ಎಲ್ಲವನ್ನೂ ಕೈಯಾರೆ ಹೊಂದಿಸುವ ಪ್ರೊ ಮೋಡಿಗೆ ಹೋಗಿ ಮುಖ್ಯ ಕ್ಯಾಮೆರಾವನ್ನು ಆರಿಸಿಟ್ಟರೆ ಸಾಮಾನ್ಯವಾಗಿ ಹಾರಾಟ ನಿಲ್ಲುತ್ತದೆ.

ಪ್ರೊ ಮೋಡ್ ಇದ್ದವರು ಫೋಕಸ್ ಸ್ಲೈಡರನ್ನು ಕೈಯಾರೆ ಅನಂತಕ್ಕೆ, ಅಂದರೆ ಬೆಟ್ಟದ ಚಿತ್ರವಿರುವ ತುದಿಗೆ ಸರಿಸಿಡಿ. ಆಗ ಕೀಟದಿಂದ ಗರಿಷ್ಠ ದೂರ ಸಿಗುತ್ತದೆ. ಇನ್ನು ಪರದೆ ಒತ್ತಿ ಫೋಕಸ್ ಮಾಡುವ ಗೋಜು ಬೇಡ. ಫೋನನ್ನೇ ಹಿಂದೆ ಮುಂದೆ ಕೂದಲೆಳೆಯಷ್ಟು ಸರಿಸುತ್ತ, ಕಣ್ಣು ಚೂಪಾದ ಗಳಿಗೆಗೆ ಒತ್ತಬೇಕು. ಶಟರ್ (ಬೆಳಕು ಒಳಬಿಡುವ ಹೊತ್ತು) ಸೆಕೆಂಡಿನ 250ನೇ ಒಂದು ಭಾಗ ಅಥವಾ ಅದಕ್ಕಿಂತ ವೇಗ, ಬೆಳಕಿಗೆ ಸೂಕ್ಷ್ಮತೆಯ ಅಂಕಿಯಾದ ಐಎಸ್‌ಒ 100ರಿಂದ 400. ಬೆಳಕು ಸಾಲದಿದ್ದರೆ ಐಎಸ್‌ಒ ಏರಿಸಿ, ಶಟರ್ ಇಳಿಸಬೇಡಿ: ಕಾಳುಕಾಳಾದ ಚಿತ್ರವನ್ನು ಒಪ್ಪಬಹುದು, ನಡುಗಿದ ಚಿತ್ರದಿಂದ ಉಪಯೋಗವಿಲ್ಲ. ನೈಟ್ ಮೋಡ್ ಬಂದ್ ಮಾಡಿ. ಅದು ಹಲವು ಚಿತ್ರಗಳನ್ನು ಬೆಸೆಯುವಾಗ ಇರುವೆಗೆ ಎಂಟು ಹತ್ತು ಮೀಸೆ ಬರುತ್ತವೆ.

ಚೂಪಾಗಿ ಬರುವ ಪದರ ಎಷ್ಟು ತೆಳು ಎಂಬುದನ್ನು ಅರಿಯದಿದ್ದರೆ ನಿರಾಸೆ ಖಚಿತ. 10ಎಕ್ಸ್ ಲೆನ್ಸಿನಲ್ಲಿ ಅದು ಒಂದು ಮಿಲಿಮೀಟರಿಗೂ ಕಡಿಮೆ. ಬಹುತೇಕ ಫೋನುಗಳ ಲೆನ್ಸಿನ ರಂಧ್ರವನ್ನು ಕಿರಿದಾಗಿಸಲು ಬರುವುದಿಲ್ಲ, ಹಾಗಾಗಿ ದೊಡ್ಡ ಕ್ಯಾಮೆರಾದವರು ಎಫ್/11 ಎಂಬ ಕಿರಿದಾದ ರಂಧ್ರಕ್ಕೆ ಇಳಿಸಿ ಗೆಲ್ಲುವ ಉಪಾಯ ಇಲ್ಲಿಲ್ಲ. ಇರುವ ದಾರಿ ಎಂದರೆ ಆ ಪದರವನ್ನು ಬುದ್ಧಿಯಿಂದ ಇಡುವುದು. ಸೂರ್ಯನ ಕುದುರೆಯನ್ನು ಮುಂದಿನಿಂದ ತೆಗೆದರೆ ಕಣ್ಣು ಮಾತ್ರ ಬರುತ್ತದೆ. ಪಕ್ಕಕ್ಕೆ ಹೋಗಿ ಅದರ ಮೈಗೆ ಫೋನನ್ನು ಸಮಾನಾಂತರವಾಗಿ ಹಿಡಿದರೆ ತಲೆಯಿಂದ ಬಾಲದವರೆಗೆ ಎಲ್ಲ ಒಂದೇ ಪದರದಲ್ಲಿ ಕೂಡುತ್ತವೆ. ಏರೋಪ್ಲೇನ್ ಚಿಟ್ಟೆಯ ರೆಕ್ಕೆಯ ಜಾಲ ಬೇಕಿದ್ದರೆ ನೇರ ಮೇಲಿನಿಂದ. ಎರಡೂ ಆಗದ ಕೋನದಲ್ಲಿ ಕಣ್ಣನ್ನು ಹಿಡಿಯಿರಿ, ಉಳಿದದ್ದು ಕರಗಲಿ.

ಗಾಳಿಗೆ ಒಂದು ಮದ್ದಿದೆ, ಬೇರೆ ಯಾವ ಉಪಕರಣಕ್ಕಿಂತ ಇದು ಮೇಲು. ಕೀಟ ಕೂತ ಟೊಂಗೆಯನ್ನು ಎಡಗೈಯ ಹೆಬ್ಬೆರಳು ಮತ್ತು ತೋರುಬೆರಳಿನಲ್ಲಿ ಮೆಲ್ಲಗೆ ಹಿಡಿದು, ಫೋನಿನ ಕೆಳ ಅಂಚನ್ನು ಅದೇ ಕೈಯ ಉಳಿದ ಬೆರಳುಗಳ ಮೇಲೆ ಊರಿ. ಗಾಳಿ ಬಂದರೆ ಟೊಂಗೆ, ಫೋನು, ಕೈ ಮೂರೂ ಒಟ್ಟಿಗೆ ಅಲುಗುತ್ತವೆ, ನಡುವಿನ ದೂರ ಬದಲಾಗುವುದಿಲ್ಲ. ಬಲಗೈಯಲ್ಲಿ ಒತ್ತಿ, ಒಮ್ಮೆಗೆ ಹತ್ತಿಪ್ಪತ್ತು ಚಿತ್ರಗಳ ಬರ್ಸ್ಟ್, ಅಂದರೆ ಎಡೆಬಿಡದೆ ಒಂದರ ಹಿಂದೊಂದು. ಇಪ್ಪತ್ತರಲ್ಲಿ ಎರಡು ಚೆನ್ನಾಗಿ ಬಂದರೆ ಕೆಲಸ ಸರಿಯಾಗಿ ನಡೆದಿದೆ ಎಂದರ್ಥ. ಟೊಂಗೆ ಹಿಡಿಯುವ ಮುನ್ನ ಅದರಲ್ಲಿ ಚಗಳಿ ಇರುವೆಯೋ ಕಂಬಳಿಹುಳುವೋ ಇಲ್ಲವೆಂದು ನೋಡಿಕೊಳ್ಳಿ.

ಸೆಟ್ಟಿನ ಜೊತೆಗೆ ಕೆಲವರು ಪುಟ್ಟ ಎಲ್‌ಇಡಿ ಉಂಗುರವನ್ನೂ ಕೊಡುತ್ತಾರೆ. ಅದರ ಬೆಳಕು ಜೀರುಂಡೆಯ ಬೆನ್ನಿನ ಮೇಲೆ ಬಿಳಿ ಬಳೆಯಾಗಿ ಹೊಳೆಯುತ್ತದೆ, ಶಟರ್ ವೇಗ ಹೆಚ್ಚಿಸಿದರೆ ಚಿತ್ರದಲ್ಲಿ ಅಡ್ಡಪಟ್ಟೆಗಳೂ ಬರಬಹುದು. ಬೆಳಗಿನ ಎಳೆಬಿಸಿಲೇ ಸಾಕು. ಬಿಸಿಲು ಒಂದು ಪಕ್ಕದಿಂದ ಬರಲಿ, ಎದುರು ಪಕ್ಕದಲ್ಲಿ ಅಂಚೆ ಕಾರ್ಡಿನಷ್ಟು ಬಿಳಿ ರಟ್ಟು ಹಿಡಿದರೆ ನೆರಳಿನ ಭಾಗವೂ ತಿಳಿಯಾಗುತ್ತದೆ. ಹತ್ತು ಗಂಟೆಯ ಮೇಲಿನ ಉರಿಬಿಸಿಲಿನಲ್ಲಿ ಕೀಟಕ್ಕೂ ಸೂರ್ಯನಿಗೂ ನಡುವೆ ಒಂದು ಪದರ ಟಿಶ್ಯೂ ಕಾಗದ ಅಥವಾ ಕತ್ತರಿಸಿದ ಬಿಳಿ ಮೊಸರಿನ ಡಬ್ಬಿ ಅಡ್ಡ ಹಿಡಿಯಿರಿ, ಹೊಳಪು ಇಳಿದು ಬಣ್ಣ ಮೇಲೇಳುತ್ತದೆ. ಬೆಳಗಿನ ಆರರಿಂದ ಎಂಟು ಗಂಟೆಗೆ ಇನ್ನೊಂದು ಅನುಕೂಲ. ಕೀಟಗಳ ಮೈಬಿಸಿ ಹೊರಗಿನ ಹವೆಯನ್ನೇ ನೆಚ್ಚಿರುವುದರಿಂದ ತಂಪಿನಲ್ಲಿ ಅವು ಮಂದವಾಗಿರುತ್ತವೆ. ಕಾರ್ತಿಕ, ಮಾರ್ಗಶಿರದ ಮುಂಜಾನೆ ಇಬ್ಬನಿ ಹೊತ್ತು ಕೂತ ಏರೋಪ್ಲೇನ್ ಚಿಟ್ಟೆ ಎರಡು ಸೆಂಟಿಮೀಟರಿನ ಲೆನ್ಸಿಗೂ ಹಾರದೆ ಕೂರುತ್ತದೆ.

ಯಾವ ಹುಳುವಿಗೆ ಎಷ್ಟು ದೂರ

ಅಗ್ಗದ 10ಎಕ್ಸ್ ಉಂಗುರ ನಿಜಕ್ಕೂ ಹೊಳೆಯುವುದು ಓಡದ ಜೀವಿಗಳ ಮುಂದೆ. ಎಕ್ಕದ ಗಿಡದ ಕುಡಿಯಲ್ಲಿ ಮುತ್ತಿಕೊಂಡ ಹಳದಿ ಸಸ್ಯಹೇನುಗಳು, ಅವನ್ನು ತಿನ್ನಲು ಬಂದ ಗುಲಗಂಜಿ ಹುಳುವಿನ ಮರಿಗಳು, ದಾಸವಾಳದ ಹಿಟ್ಟುತಿಗಣೆ. ಕರಿಬೇವಿನ ಎಳೆ ಎಲೆಯ ಮೇಲೆ ಚಿಟ್ಟೆ ಇಟ್ಟ ಮಿಲಿಮೀಟರಿನಷ್ಟು ದುಂಡು ಮೊಟ್ಟೆ, ಅದರಿಂದ ಹೊರಬಂದು ಹಕ್ಕಿಯ ಹಿಕ್ಕೆಯಂತೆ ವೇಷ ಹಾಕಿದ ಮರಿಹುಳು. ಮನೆಯ ಹಿತ್ತಿಲಲ್ಲೇ ತಿಂಗಳುಗಟ್ಟಲೆ ಕೆಲಸ ಇದೆ, ಕಾಡಿಗೆ ಹೋಗಬೇಕಿಲ್ಲ. ಚಗಳಿಯ ಗೂಡಿನ ಹತ್ತಿರ ಅದೇ ಕೆಂಪು ಮೈ, ಅದೇ ನಡಿಗೆಯ ಒಂಟಿ ಇರುವೆ ಕಂಡರೆ ಅದರದೊಂದು ಚಿತ್ರ ತೆಗೆದು ಹಿಗ್ಗಿಸಿ ನೋಡಿ. ಕಾಲು ಎಂಟಿದ್ದು, ಮುಖದಲ್ಲಿ ಎರಡು ದೊಡ್ಡ ಕಣ್ಣುಗಳಿದ್ದರೆ ಅದು ಇರುವೆಯ ವೇಷದ ಜಿಗಿಜೇಡ. ಬರಿಗಣ್ಣು ಮೋಸಹೋಗುವ ಕಡೆ ಮುನ್ನೂರು ರೂಪಾಯಿಯ ಗಾಜು ಗುಟ್ಟು ಬಿಟ್ಟುಕೊಡುತ್ತದೆ.

ರೈತರ ಹೊಲದಲ್ಲಿ ಇದರ ಬೆಲೆ ಇನ್ನೂ ಹೆಚ್ಚು. ಮೆಕ್ಕೆಜೋಳದ ಸುಳಿ ತಿನ್ನುವ ಫಾಲ್ ಸೈನಿಕ ಹುಳು ಭಾರತದಲ್ಲಿ ಮೊದಲು ಕಂಡದ್ದು 2018ರಲ್ಲಿ, ನಮ್ಮ ಶಿವಮೊಗ್ಗದಲ್ಲಿ. ಬೇರೆ ಹುಳುಗಳಿಂದ ಅದನ್ನು ಬೇರ್ಪಡಿಸುವ ಗುರುತು ಎರಡು: ಹಣೆಯ ಮೇಲೆ ತಲೆಕೆಳಗಾದ ಇಂಗ್ಲಿಷಿನ ‘ವೈ’ ಅಕ್ಷರದ ಬಿಳಿ ಗೆರೆ, ಮತ್ತು ಬಾಲದ ಹತ್ತಿರ ಹೊಟ್ಟೆಯ ಎಂಟನೇ ಖಂಡದ ಮೇಲೆ ಚೌಕವಾಗಿ ನಿಂತ ನಾಲ್ಕು ಕಪ್ಪು ಚುಕ್ಕೆ. ಬಲಿತ ಹುಳುವಿನ ತಲೆ ಎರಡೂವರೆ ಮಿಲಿಮೀಟರಿನ ಆಸುಪಾಸು. ಬರಿ ಫೋನಿನಲ್ಲಿ ಅದು ಕಂದು ಚುಕ್ಕೆ, 10ಎಕ್ಸ್ ಉಂಗುರದಲ್ಲಿ ‘ವೈ’ ಸ್ಪಷ್ಟ. ಹುಳುವಿನ ತಲೆ, ಬೆನ್ನು, ಪಕ್ಕ ಮೂರರದ್ದೂ ಒಂದೊಂದು ಚೂಪಾದ ಚಿತ್ರ ಕಳಿಸಿದರೆ ಕೃಷಿ ವಿಜ್ಞಾನ ಕೇಂದ್ರದವರು ಕೂತಲ್ಲೇ ಗುರುತು ಹೇಳುವುದು ಸುಲಭ.

ಆದರೆ ಕಣಜ, ಚಿಟ್ಟೆ, ಜೇನು, ನೊಣ, ಇವಕ್ಕೆ ಎರಡು ಸೆಂಟಿಮೀಟರ್ ಆಗದ ಮಾತು. ಫೋನಿನಲ್ಲಿ ನಿಜವಾದ 2ಎಕ್ಸ್ ಅಥವಾ 3ಎಕ್ಸ್ ಟೆಲಿ ಕ್ಯಾಮೆರಾ (ದೂರದ್ದನ್ನು ಹತ್ತಿರ ತೋರಿಸುವ ಕಣ್ಣು) ಇದ್ದವರಿಗೆ ನಮ್ಮ ಸಲಹೆ ಬೇರೆಯೇ: ಕ್ಲಿಪ್ ಸೆಟ್ ಬಿಡಿ. ಕ್ಯಾಮೆರಾ ಅಂಗಡಿಯಲ್ಲಿ +1, +2, +4, +10 ಎಂದು ನಾಲ್ಕು ಗಾಜು ಸೇರಿ ಬರುವ 52 ಅಥವಾ 58 ಮಿಲಿಮೀಟರ್ ವ್ಯಾಸದ ಕ್ಲೋಸ್‌ಅಪ್ ಫಿಲ್ಟರ್ ಸೆಟ್ ಕೇಳಿ, ಅದರಲ್ಲಿ +10 ಅನ್ನು ಮಾತ್ರ ಹೊರತೆಗೆಯಿರಿ. ಪ್ಲಸ್ ಅಂಕಿಗಳು ಡಯಾಪ್ಟರ್, ಅಂದರೆ ಲೆನ್ಸಿನ ಶಕ್ತಿಯ ಅಳತೆ. 1000ವನ್ನು ಅದರಿಂದ ಭಾಗಿಸಿದರೆ ಸಂಗಮ ದೂರ, ಅಂದರೆ +10ಕ್ಕೆ 100 ಮಿಲಿಮೀಟರ್. 3ಎಕ್ಸ್ ಕ್ಯಾಮೆರಾದ ಮುಂದೆ ಇದನ್ನು ಹಿಡಿದರೆ ಹತ್ತು ಸೆಂಟಿಮೀಟರ್ ದೂರದಿಂದ ಸುಮಾರು 45 ಮಿಲಿಮೀಟರ್ ಅಗಲದ ಚೌಕಟ್ಟು ಸಿಗುತ್ತದೆ. ಹಿಗ್ಗುವಿಕೆ 10ಎಕ್ಸ್ ಉಂಗುರಕ್ಕಿಂತ ತುಸುವೇ ಕಡಿಮೆ, ದೂರ ನಾಲ್ಕು ಪಟ್ಟು. ಜೇನು ಹೂವಿನಲ್ಲಿ ತನ್ನ ಪಾಡಿಗೆ ಮಕರಂದ ಹೀರುತ್ತಿರುತ್ತದೆ, ನಿಮ್ಮ ನೆರಳು ಅದರ ಮೇಲೆ ಬೀಳುವುದೂ ಇಲ್ಲ. ಫಿಲ್ಟರನ್ನು ಕೈಯಲ್ಲೇ ಒತ್ತಿ ಹಿಡಿಯಬಹುದು, ಫಿಲ್ಟರ್ ಹಿಡಿಯುವ ಮೊಬೈಲ್ ಕ್ಲ್ಯಾಂಪೂ ಸಿಗುತ್ತದೆ. ಉಳಿದ ಮೂರು ಗಾಜನ್ನು ಒಂದರ ಮೇಲೊಂದು ಪೇರಿಸುವ ಆಸೆ ಬೇಡ, ಗಾಜು ಹೆಚ್ಚಿದಷ್ಟೂ ಚಿತ್ರ ಮಬ್ಬು.

ಇಲ್ಲೂ ಒಂದು ಗುಂಡಿ ಇದೆ. ಬೆಳಕು ಕಡಿಮೆಯಾದರೆ ಅಥವಾ ವಸ್ತು ಹತ್ತಿರವಿದೆ ಎನಿಸಿದರೆ ಕೆಲವು ಫೋನುಗಳು ‘3ಎಕ್ಸ್’ ಎಂದು ತೋರಿಸುತ್ತಲೇ ಒಳಗೊಳಗೆ ಮುಖ್ಯ ಕ್ಯಾಮೆರಾದ ಚಿತ್ರವನ್ನು ಕತ್ತರಿಸಿ ಕೊಡುತ್ತವೆ. ಟೆಲಿ ಕಣ್ಣನ್ನು ಬೆರಳಿನಿಂದ ಮುಚ್ಚಿ ನೋಡಿ. ಪರದೆ ಕಪ್ಪಾಗದಿದ್ದರೆ ಫೋನು ದಾರಿ ತಪ್ಪಿಸುತ್ತಿದೆ, ಪ್ರೊ ಮೋಡಿನಲ್ಲಿ ಟೆಲಿಯನ್ನೇ ಆರಿಸಿ.

ಇನ್ನಷ್ಟು ಖರ್ಚು ಮಾಡಬಲ್ಲವರಿಗೆ ಜಪಾನಿನ ರೇನಾಕ್ಸ್ ಕಂಪನಿಯ ಡಿಸಿಆರ್-250 ಎಂಬ ಕ್ಲೋಸ್‌ಅಪ್ ಲೆನ್ಸ್. ಇದು +8 ಡಯಾಪ್ಟರ್, ಸಂಗಮ ದೂರ 125 ಮಿಲಿಮೀಟರ್, ಒಳಗೆ ಮೂರು ಗಾಜು, ಹಾಗಾಗಿ ನೇರಳೆ ಸೋರಿಕೆ ಇಲ್ಲವೆಂದೇ ಹೇಳಬಹುದು. 52ರಿಂದ 67 ಮಿಲಿಮೀಟರ್ ಬಾಯಿಯ ಯಾವುದೇ ಕ್ಯಾಮೆರಾ ಲೆನ್ಸಿಗೆ ಚಿಟಿಕೆಯಷ್ಟು ಹೊತ್ತಿನಲ್ಲಿ ಕೂರುತ್ತದೆ. ಮನೆಯಲ್ಲಿ ಹಳೆಯ ಡಿಎಸ್‌ಎಲ್‌ಆರ್ ಇದ್ದರೆ ಅದರ ಉದ್ದ ಜೂಮಿನ ಮುಂದೆ ಹಾಕಿದಾಗಲೇ ಇದರ ಪೂರ್ತಿ ಬೆಲೆ ತಿಳಿಯುವುದು. ಫೋನಿನ 5ಎಕ್ಸ್ ಕ್ಯಾಮೆರಾದ ಮುಂದೆ ಹಿಡಿದರೂ ಸುಮಾರು 36 ಮಿಲಿಮೀಟರಿನ ಚೌಕಟ್ಟು ಬರುತ್ತದೆ, ಅದೂ ಹನ್ನೆರಡು ಸೆಂಟಿಮೀಟರ್ ದೂರದಿಂದ. ಖರ್ಚೇ ಬೇಡವೆಂದರೆ ಹಳೆಯ 50 ಮಿಲಿಮೀಟರ್ ಕ್ಯಾಮೆರಾ ಲೆನ್ಸನ್ನು ತಿರುವುಮುರುವು ಮಾಡಿ, ಅದರ ಮುಂಭಾಗವನ್ನು ಫೋನಿಗೆ ಒತ್ತಿ 2ಎಕ್ಸ್‌ನಲ್ಲಿ ತೆಗೆಯಬಹುದು. ನಾಲ್ಕು ಸೆಂಟಿಮೀಟರಿನ ಆಸುಪಾಸಿನ ದೂರ, ಅಗ್ಗದ ಉಂಗುರವನ್ನು ನಾಚಿಸುವಷ್ಟು ಚೂಪು. ಭಾರದಿಂದ ಕೈ ಬೇಗ ಸೋಲುತ್ತದೆ ಎಂಬುದೊಂದೇ ತೊಡಕು. ಲೆನ್ಸಿನಲ್ಲಿ ರಂಧ್ರ ತಿರುಗಿಸುವ ಉಂಗುರವಿದ್ದರೆ ಅದನ್ನು ಪೂರ್ತಿ ತೆರೆದಿಡಿ, ಇಲ್ಲದಿದ್ದರೆ ಮೂಲೆ ಕಪ್ಪಾಗುತ್ತದೆ.

ಮಾಡಬಾರದ್ದೂ ಇದೆ. ಹುಳು ಅಲುಗದಿರಲೆಂದು ಫ್ರಿಜ್ಜಿನಲ್ಲಿಡುವುದು, ಅಂಟು ಹಾಕುವುದು, ಇಬ್ಬನಿಯ ನೆಪದಲ್ಲಿ ಸಕ್ಕರೆ ನೀರು ಚಿಮುಕಿಸುವುದು, ಇವುಗಳಿಂದ ಬರುವ ಚಿತ್ರದಲ್ಲಿ ಕಾಲುಗಳ ನಿಲುವೇ ಸುಳ್ಳು ಹೇಳುತ್ತದೆ, ಹುಳುವೂ ಸಾಯಬಹುದು. ರಾತ್ರಿ ಟಾರ್ಚ್ ಹಿಡಿದು ಹೆಜ್ಜೇನಿನ ಹತ್ತಿರ ಸುಳಿಯಬೇಡಿ, ಅವು ಬೆಳಕಿನತ್ತ ಹಾರಿ ಬರುತ್ತವೆ.

ಮಲೆನಾಡು, ಕರಾವಳಿಯವರು ಲೆನ್ಸ್ ಇಡುವ ಜಾಗದ ಬಗ್ಗೆ ಗಮನ ಕೊಡಲೇಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯ ಚೀಲದಲ್ಲಿ ಬಿಟ್ಟರೆ ಗಾಜಿನ ಮೇಲೆ ಬೂಷ್ಟು ಜೇಡರ ಬಲೆಯಂತೆ ಹರಡುತ್ತದೆ. ಮುಚ್ಚಳ ಬಿಗಿಯಾದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ ಎರಡು, ಅಷ್ಟೇ ಸಾಕು. ಬಣ್ಣ ಬದಲಾಯಿಸುವ ಹರಳಿದ್ದರೆ ಬಣ್ಣ ತಿರುಗಿದಾಗ ಕಾವಲಿಯ ಮೇಲೆ ಸಣ್ಣ ಉರಿಯಲ್ಲಿ ಒಣಗಿಸಿ ಮತ್ತೆ ಹಾಕಿ. ಎಸಿ ಕಾರಿನಿಂದ ಇಳಿದ ಕೂಡಲೇ ಲೆನ್ಸ್ ಮಂಜಾದರೆ ಅಂಗಿಯಿಂದ ಒರೆಸಬೇಡಿ, ಹತ್ತು ನಿಮಿಷ ಡಬ್ಬಿಯಲ್ಲೇ ಇಟ್ಟು ಹೊರಗಿನ ಹವೆಗೆ ಹೊಂದಲು ಬಿಡಿ.